ಶಾಲೆಯ ದವಾಖಾನೆಯಲ್ಲಿ ಒಂದು ಕನ್ನಡ ಮಾತು



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮಗೆ ಮನೆಯಾಚೆ ಕನ್ನಡದಿಂದ ಏನು ಉಪಯೋಗವೆಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ನಾನು ವಾದಕ್ಕಿಳಿಯುವುದಿಲ್ಲ. ನರ್ಸಿಂಗ್ ಕಲಿಯುತ್ತಿದ್ದಾಗ ತರಬೇತಿಗೆಂದು ಧಾರಾವಿ ಕಡೆಯ ಒಂದು ಶಾಲೆಗೆ ಕೆಲವು ವಾರ ಹೋಗಿದ್ದೆ. ಅಲ್ಲಿ ನಡೆದದ್ದನ್ನಷ್ಟೇ ಹೇಳುತ್ತೇನೆ.

ದವಾಖಾನೆಯೆಂದರೆ ಒಂದು ಮೇಜು, ತೂಕದ ಯಂತ್ರ, ಗೋಡೆಗೆ ಕಣ್ಣು ಪರೀಕ್ಷೆಯ ಅಕ್ಷರಪಟ, ಡಬ್ಬಿಯಲ್ಲಿ ಕಬ್ಬಿಣಾಂಶದ ನೀಲಿ ಗುಳಿಗೆ. ವಾರಕ್ಕೊಂದು ಗುಳಿಗೆ, ಅದೂ ಊಟವಾದ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ. ಆದರೂ ಗುಳಿಗೆಯನ್ನು ಕೆನ್ನೆಯೊಳಗೆ ಅಡಗಿಸಿ ಹೊರಗೆ ಉಗುಳುವ ಜಾಣರು ಪ್ರತಿ ತರಗತಿಯಲ್ಲೂ ಇರುತ್ತಾರೆ!

ಅಮೆರಿಕದಲ್ಲಿ 1902ರಲ್ಲಿ ಲೀನಾ ರೋಜರ್ಸ್ ಎಂಬ ದಾದಿಯನ್ನು ನ್ಯೂಯಾರ್ಕಿನ ಶಾಲೆಗಳಿಗೆ ಕಳುಹಿಸಿದ್ದೂ ವಲಸೆ ಬಂದವರ ಮಕ್ಕಳಿಗಾಗಿಯೇ. ಹೇನು, ಕಣ್ಣುನೋವು, ಕಜ್ಜಿ ಎಂದು ವೈದ್ಯರು ಮಕ್ಕಳನ್ನು ಮನೆಗಟ್ಟುತ್ತಿದ್ದರು. ಈಕೆ ಚಿಕಿತ್ಸೆ ಮಾಡಿ ಅವರನ್ನು ಶಾಲೆಯಲ್ಲೇ ಉಳಿಸಿಕೊಂಡಳು.

ನನ್ನ ಮೇಜಿಗೆ ಒಂದು ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ಕರೆತಂದರು. ಯಾದಗಿರಿ ಕಡೆಯವಳು, ತಂದೆ ತಾಯಿ ಕಟ್ಟಡದ ಕೆಲಸದಲ್ಲಿ. ಮೈ ಬೆಚ್ಚಗಿತ್ತು, ಹೊಟ್ಟೆ ಹಿಡಿದುಕೊಂಡಿದ್ದಳು. ಟೀಚರ್ ಹಿಂದಿಯಲ್ಲಿ ಎಷ್ಟು ಕೇಳಿದರೂ "ಕುಛ್ ನಹೀಂ". ಟೀಚರ್ ಆಚೆ ಹೋದ ಮೇಲೆ, ನಮ್ಮ ಮನೆಯ ಉಡುಪಿ ಕನ್ನಡದಲ್ಲಿ, "ಎಂತ ಆಯ್ತು ಮಗಾ?" ಎಂದೆ. ಅವಳು ಒಮ್ಮೆ ತಲೆಯೆತ್ತಿ ನೋಡಿ ಮೆಲ್ಲನೆ ಹೇಳಿದಳು: "ಒಂದಕ್ಕ ಹೋದ್ರ ಉರೀತದ, ಅಕ್ಕಾ."

ಆ ಮಾತನ್ನು ಅವಳು ಹಿಂದಿಯಲ್ಲಿ ಹೇಗೆ ಹೇಳಿಯಾಳು? ನೀರು ಕುಡಿಯುವುದಿಲ್ಲವೇ ಎಂದು ಕೇಳಿದೆ. "ಕುಡದ್ರ ಹೋಗಬೇಕಾಗ್ತದಲ್ಲ!" ವಸ್ತಿಯಲ್ಲಿ ಸಾರ್ವಜನಿಕ ಪಾಯಿಖಾನೆಗೆ ಬೆಳಿಗ್ಗೆ ಸಾಲು, ಹೋದಾಗಲೆಲ್ಲ ಚಿಲ್ಲರೆ, ಕತ್ತಲಾದರೆ ತಾಯಿ ಬಿಡುವುದಿಲ್ಲ. ಅದಕ್ಕೇ ಬೆಳಿಗ್ಗೆ ಒಂದು ಲೋಟ ಚಹಾ, ಆಮೇಲೆ ಸಂಜೆಯವರೆಗೆ ಏನೂ ಇಲ್ಲ.

ಹುಡುಗಿಯರಲ್ಲಿ ಮೂತ್ರನಾಳ ಗಿಡ್ಡ. ರೋಗಾಣು ಬೇಗ ಮೂತ್ರಕೋಶಕ್ಕೆ ಏರುತ್ತದೆ, ನೀರು ಕಡಿಮೆಯಾದರೆ ಕೊಚ್ಚಿಹೋಗುವುದೂ ಇಲ್ಲ. ಅಲಕ್ಷಿಸಿದರೆ ಮೂತ್ರಪಿಂಡಕ್ಕೂ ತಾಗಬಹುದು. ಜ್ವರ ಬೇರೆ ಇತ್ತಲ್ಲ, ನಮ್ಮ ಮೇಲ್ವಿಚಾರಕಿ ತಡಮಾಡದೆ ಡಾಕ್ಟರಿಗೆ ಚೀಟಿ ಬರೆದರು. ತಾಯಿಗೆ ತಿಳಿಸುವ ಕೆಲಸ ನನ್ನದಾಯಿತು. ಸಿಮೆಂಟಿನ ಕೈಯಲ್ಲೇ ಓಡಿ ಬಂದ ಆಕೆಯ ಮೊದಲ ಪ್ರಶ್ನೆ, "ಮಂದಿಗಿ ಗೊತ್ತಾತೇನ್ರಿ?" ಇಲ್ಲ ಎಂದೆ. ಆಮೇಲೆಯೇ ಕುಳಿತು ಕೇಳಿದಳು.

ಮೂತ್ರ ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು, ಗುಳಿಗೆಗಳಿಂದ ವಾಸಿಯಾಯಿತು. ಮರುವಾರ ಆ ಹುಡುಗಿ ನೀರಿನ ಬಾಟಲಿ ಹಿಡಿದು ಬಂದಳು. ಹಿಂದೆ ಇಬ್ಬರು ಗೆಳತಿಯರು, ಒಬ್ಬರ ಬೆನ್ನಿಗೊಬ್ಬರು ಅಡಗಿಕೊಂಡು.

"ಇವರಿಗೂ ಹಂಗೇ ಆಗ್ಯದ, ಅಕ್ಕಾ. ನಿಮಗ ಕನ್ನಡ ಬರ್ತದ ಅಂತ ಹೇಳೀನಿ."