ನಿಲ್ದಾಣದಲ್ಲಿ ತಂಗುವವರು

ಬಸ್ಸು ನಿಲ್ಲುವ ಸ್ಥಳಕ್ಕೆ ನಮ್ಮ ನುಡಿಯಲ್ಲಿ ಎರಡು ಹೆಸರುಗಳುಂಟು. ಪಟ್ಟಣದಲ್ಲಿ ಅದು ನಿಲ್ದಾಣ. ಹಳ್ಳಿಯ ರಸ್ತೆಯ ಬದಿಗೆ ಕಟ್ಟಿದ ಪುಟ್ಟ ಕಟ್ಟಡದ ಹಣೆಯ ಮೇಲೆ ಬರೆದಿರುವುದು ತಂಗುದಾಣ. ಮೊದಲನೆಯದು ವಾಹನಕ್ಕೆ ಸಂಬಂಧಿಸಿದ್ದು, ಎರಡನೆಯದು ದಣಿದ ಮನುಷ್ಯನಿಗೆ ಸಂಬಂಧಿಸಿದ್ದು. ನಿಲ್ದಾಣದಲ್ಲಿ ಯಾರು ಎಷ್ಟು ಹೊತ್ತು ಇರಬಹುದೆಂಬ ಕಾಯ್ದೆಗಳನ್ನು ಕುರಿತು ಯೋಚಿಸುವಾಗಲೆಲ್ಲ ನಮಗೆ ಈ ಎರಡು ಶಬ್ದಗಳು ನೆನಪಾಗುತ್ತವೆ.

ಉಗರಗೋಳದವರಾದ ನಮಗೆ, ಕಾಯುತ್ತ ಕುಳಿತ ಜನರನ್ನು ಕಾಣುವುದು ಹೊಸದಲ್ಲ. ನಮ್ಮೂರು ಯಲ್ಲಮ್ಮನ ಗುಡ್ಡದ ಮಗ್ಗುಲಲ್ಲಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದವೆಂದರೆ ನಮ್ಮ ನಾಡಿನವರಷ್ಟೇ ಅಲ್ಲ, ಮಹಾರಾಷ್ಟ್ರದ ಭಕ್ತಾದಿಗಳೂ ಸಾಗರದಂತೆ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬಂದವರು ತಮ್ಮ ಚಕ್ಕಡಿಯ ಕೆಳಗೇ ಮಲಗುತ್ತಾರೆ, ಅವರಿಗೆ ಚಿಂತೆಯಿಲ್ಲ. ಬಸ್ಸನ್ನು ನಂಬಿ ಬಂದವರ ಪಾಡು ಬೇರೆ. ಸಾರಿಗೆ ಸಂಸ್ಥೆಯವರು ಹೆಚ್ಚಿನ ಬಸ್ಸುಗಳನ್ನು ಬಿಡುತ್ತಾರೆ, ನಿಜ. ಆದರೂ ಸವದತ್ತಿಯಲ್ಲಿ ಕಡೆಯ ಬಸ್ಸು ತಪ್ಪಿತೆಂದರೆ ನಿಲ್ದಾಣದ ಕಲ್ಲುಹಾಸೇ ಹಾಸಿಗೆ. ನಮ್ಮೂರಿಗೆ ರೈಲಿಲ್ಲ, ರೈಲು ಹಿಡಿಯುವವರು ಧಾರವಾಡಕ್ಕೆ ಹೋಗಿ ಅಲ್ಲಿ ರಾತ್ರಿ ಕಳೆಯಬೇಕು.

ಅಂಥವರನ್ನು ಕಾಯ್ದೆಯು ಯಾವ ಕಣ್ಣಿನಿಂದ ನೋಡುತ್ತದೆ? 1989ರ ರೈಲ್ವೆ ಕಾಯ್ದೆಯ 147ನೆಯ ಕಲಮು, ಅಧಿಕಾರವಿಲ್ಲದೆ ರೈಲ್ವೆಯ ಜಾಗದೊಳಗೆ ಬಂದವರನ್ನೂ, ಸರಿಯಾಗಿಯೇ ಬಂದು ಅನಂತರ ಹೊರಡಲೊಪ್ಪದವರನ್ನೂ ಅಪರಾಧಿಗಳೆಂದಿತು. ಆಗ ವಿಧಿಸಿದ ಶಿಕ್ಷೆ ಆರು ತಿಂಗಳವರೆಗಿನ ಸೆರೆ ಅಥವಾ 1000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ. ಟಿಕೆಟ್ಟು ಉಳ್ಳವರಿಗೆ ಇದರಿಂದ ಭಯವಿಲ್ಲವೆಂದು ಓದುಗರು ಹೇಳಬಹುದು. ನಾವು ಕಂಡದ್ದನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ದೊಡ್ಡ ಊರೊಂದರ ರೈಲು ನಿಲ್ದಾಣದಲ್ಲಿ ಬೆಳಗಿನ ಗಾಡಿಗಾಗಿ ಕುಳಿತಿದ್ದೆವು. ಪಕ್ಕದಲ್ಲಿ, ಗುಡ್ಡದಿಂದ ಮರಳುತ್ತಿದ್ದ ವೃದ್ಧೆಯೊಬ್ಬರು ಕೌದಿ ಹಾಸಿಕೊಂಡು ಮಲಗಿದ್ದರು. ಕಾವಲಿನವನೊಬ್ಬ ಬಂದು ಕೋಲಿನಿಂದ ನೆಲ ಕುಟ್ಟಿ, “ಏ ಮುದುಕಿ, ಏಳು, ಇಲ್ಲ್ಯಾಕ ಬಿದ್ದೀ?” ಎಂದ. ಆಕೆ ಎದ್ದು ಕುಳಿತು, ಸೆರಗಿನ ಗಂಟು ಬಿಚ್ಚಿ ಟಿಕೆಟ್ಟು ತೋರಿಸಿ, “ಬೆಳಗಾದ ಮ್ಯಾಲ ಗಾಡಿ ಐತ್ರೀ ಯಪ್ಪಾ” ಎಂದರು. ಆತ ನಮ್ಮನ್ನು ಏನೂ ಕೇಳಲಿಲ್ಲ. ನಮ್ಮಲ್ಲಿದ್ದುದೂ ಅದೇ ಗಾಡಿಯ ಟಿಕೆಟ್ಟು. ಮೈಮೇಲೆ ಇಸ್ತ್ರಿಯ ಅಂಗಿಯೊಂದು ಹೆಚ್ಚಿಗಿತ್ತು, ಅಷ್ಟೆ.

ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಈ ರೂಢಿಗೆ ಕಾಯ್ದೆಯ ಆಸರೆಯೂ ಇದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಕೈಚಾಚಿದವನು ಮಾತ್ರ ಭಿಕ್ಷುಕನಲ್ಲ. ಜೀವನಕ್ಕೆ ಕಾಣುವಂಥ ಆಧಾರವಿಲ್ಲದೆ, ಬೇಡಿ ಬದುಕುವವನೆಂದು ತೋರುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಉಳಿದವನೂ ಭಿಕ್ಷುಕನೇ. ಅದೇ ಕಾಯ್ದೆ, ಹರಕೆ ತೀರಿಸಲು ರೂಢಿಯಂತೆ ಯಾರಿಗೂ ಉಪದ್ರವ ಕೊಡದೆ ಬೇಡುವವರಿಗೆ ವಿನಾಯಿತಿಯನ್ನೂ ಕೊಟ್ಟಿದೆ. ಚೌಡಕಿ ಹಿಡಿದು ಜೋಗ ಬೇಡುವ ತಾಯಂದಿರು ಆ ವಿನಾಯಿತಿಗೆ ಸೇರಬಹುದು. ಆದರೆ ನಡುರಾತ್ರಿ ನಿಲ್ದಾಣದಲ್ಲಿ ಅವರ ಪರವಾಗಿ ಕಲಮು ಓದಿ ಹೇಳುವವರಾರು? ಕಾಯಕವಿಲ್ಲದ ಬಾಳನ್ನು ಶರಣರು ಒಪ್ಪಲಿಲ್ಲವೆಂದು ನಮ್ಮವರೇ ಕೆಲವರು ವಾದಿಸುವುದುಂಟು. ಒಪ್ಪಲಿಲ್ಲ, ದಿಟ. ದಾಸೋಹವನ್ನು ಹೇಳಿದವರೂ ಅವರೇ.

ನ್ಯಾಯಾಲಯಗಳು ಈ ವಿಷಯವನ್ನು ಕಡೆಗಣಿಸಿಲ್ಲ. ದಿಲ್ಲಿಯಲ್ಲಿ ಜಾರಿಯಲ್ಲಿದ್ದ 1959ರ ಮುಂಬಯಿ ಕಾಯ್ದೆಯಲ್ಲಿ ಭಿಕ್ಷೆಯನ್ನು ಅಪರಾಧವಾಗಿಸಿದ್ದ ಕಲಮುಗಳನ್ನು ಅಲ್ಲಿಯ ಉಚ್ಚ ನ್ಯಾಯಾಲಯವು 2018ರ ಆಗಸ್ಟಿನಲ್ಲಿ ರದ್ದುಗೊಳಿಸಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಂತೂ ನಮ್ಮ ವಿಷಯದ ಕಾಯ್ದೆಯೇ ಇತ್ತು: ಸಾರಿಗೆ ನಿಲ್ದಾಣದಲ್ಲಿ ಸುಮ್ಮನೆ ಸುಳಿದಾಡುತ್ತಿದ್ದು, ಏಕೆ ಇರುವೆನೆಂಬುದಕ್ಕೆ ಸಮಾಧಾನಕರ ಉತ್ತರ ಕೊಡದಿದ್ದರೆ ಅಪರಾಧ. ಸಮಾಧಾನವೆಂಬುದು ಯಾರ ಸಮಾಧಾನ? ಆ ಕಾಯ್ದೆ ಅಸ್ಪಷ್ಟವಾಗಿದೆ, ಎಲ್ಲವನ್ನೂ ಪೊಲೀಸರ ಇಚ್ಛೆಗೆ ಬಿಡುತ್ತದೆ ಎಂದು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 1988ರಲ್ಲಿ ಅದನ್ನು ತಳ್ಳಿಹಾಕಿತು.

ಹಾಗೆಂದು ನಿಲ್ದಾಣದಲ್ಲಿ ಯಾರೂ ಯಾರನ್ನೂ ಏನೂ ಕೇಳಕೂಡದೆಂದು ನಾವು ಹೇಳಲಾರೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ಗಂಡಸರ ಜೊತೆಯಿಲ್ಲದೆ ನಾಲ್ಕಾರು ಜನ ಹೆಣ್ಣುಮಕ್ಕಳು ಕೂಡಿ ಗುಡ್ಡಕ್ಕೆ ಬರುವುದನ್ನು ನಾವು ಸಂತೋಷದಿಂದ ನೋಡುತ್ತಿದ್ದೇವೆ. ಅವರು ಬಸ್ಸಿಗೆ ಕಾಯುವಲ್ಲಿ ಕೆಲಸವಿಲ್ಲದ ಪೋಕರಿಗಳು ಸುತ್ತುತ್ತಿದ್ದರೆ ತಡೆಯಲು ಒಬ್ಬರು ಬೇಕೇ ಬೇಕು. ಆದರೆ ಅಲ್ಲಿ ತಪ್ಪು ಇರುವುದು ನಡತೆಯಲ್ಲಿ, ಕುಳಿತಿರುವುದರಲ್ಲಿ ಅಲ್ಲ. ಮನೆ ಬಿಟ್ಟು ಓಡಿ ಬಂದ ಮಕ್ಕಳ ಮಾತೂ ಹಾಗೆಯೇ. ರೈಲು ನಿಲ್ದಾಣಗಳಲ್ಲಿ ರೈಲ್ವೆ ರಕ್ಷಣಾ ದಳದವರು ಒಂಟಿ ಮಕ್ಕಳನ್ನು ಗುರುತಿಸಿ ಕಾಪಾಡುವ ಕಾರ್ಯ ನಡೆಸುತ್ತಾರೆ. ಅಂಥ ಮಗುವನ್ನು ಕಂಡವರು ಯಾರೇ ಆಗಲಿ 1098ಕ್ಕೆ ಕರೆ ಮಾಡಬಹುದು. “ಇಲ್ಲ್ಯಾಕ ಕುಂತೀಯವ್ವಾ? ಊಟ ಆಗೇತೇನು?” ಎಂದು ಕೇಳಿದರೆ ಮಗು ಬಾಯಿ ಬಿಡುತ್ತದೆ. ಕೋಲು ಕುಟ್ಟಿ ಕೇಳಿದರೆ ಎದ್ದು ಓಡಿ, ಮುಂದಿನ ಗಾಡಿ ಹತ್ತಿ, ಇನ್ನಷ್ಟು ದೂರದಲ್ಲಿ ಕಳೆದುಹೋಗುತ್ತದೆ.

ಹುಣ್ಣಿಮೆ ಕಳೆದ ಮೇಲೆ ಬಸ್ಸುಗಳು ಖಾಲಿಯಾಗುತ್ತವೆ, ಭಂಡಾರ ಮೆತ್ತಿದ ನೆಲವನ್ನು ಗುಡಿಸುತ್ತಾರೆ. ಆಗಲೂ ಒಬ್ಬಿಬ್ಬರು ಕುಳಿತೇ ಇರುತ್ತಾರೆ. ಅವರಲ್ಲಿ ಜಾತ್ರೆಗೆಂದು ಕರೆತಂದು ಮಕ್ಕಳೇ ಬಿಟ್ಟುಹೋದ ಮುಪ್ಪಿನವರೂ ಇರಬಹುದು. ಅವರ ಬಳಿ ಮರಳುವ ಟಿಕೆಟ್ಟಿಲ್ಲ, ಕೆಲವರಿಗೆ ಊರ ಹೆಸರೂ ಸರಿಯಾಗಿ ನೆನಪಿಲ್ಲ. ಕಾಯ್ದೆಯ ಯಾವ ವಿವರಣೆಗೂ ಅವರು ಸಮಾಧಾನಕರ ಉತ್ತರ ಕೊಡಲಾರರು. ಜಾತ್ರೆಯ ವ್ಯವಸ್ಥೆ ನೋಡುವವರಲ್ಲಿಯೂ ಸಾರಿಗೆಯವರಲ್ಲಿಯೂ ನಮ್ಮ ಬೇಡಿಕೆ ಚಿಕ್ಕದು. ಹುಣ್ಣಿಮೆಯ ಮುಂದಿನ ಮೂರು ರಾತ್ರಿ ನಿಲ್ದಾಣದಲ್ಲಿ ಒಂದು ಕೋಣೆಯನ್ನು ತೆರೆದಿಟ್ಟು, ಒಂದು ದೀಪ, ಒಂದು ಕೊಡ ನೀರು, ಊರು ಕೇಳಿ ಬರೆದುಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಲಿ. ಊಟದ ಹೊಣೆಯನ್ನು ಉಗರಗೋಳದ ಮನೆಗಳು ಹೊರಬಲ್ಲವು.