ಒಕವಾಂಗೊ ದ್ವೀಪಗಳಲ್ಲಿ

ನದಿಗಳೆಲ್ಲವೂ ಸಮುದ್ರವನ್ನು ಸೇರುವುವೆಂದು ನಾವು ಬಹುಕಾಲ ಹುಡುಗರಿಗೆ ಪಾಠ ಹೇಳಿದೆವು. ಆಫ್ರಿಕಾ ಖಂಡದ ಒಕವಾಂಗೊ ನದಿಯು ಆ ಪಾಠವನ್ನು ಸುಳ್ಳುಮಾಡಿತು. ಅಂಗೋಲ ದೇಶದ ಬೆಟ್ಟಗಳಲ್ಲಿ ಹುಟ್ಟುವ ಈ ನದಿಯು ಬೋಟ್ಸ್ವಾನಾ ದೇಶಕ್ಕೆ ಬಂದು, ಕಲಹಾರಿಯ ಮರಳಿನಲ್ಲಿ ಕವಲೊಡೆದು ಹರಡಿ ಅಲ್ಲಿಯೇ ಇಂಗಿಹೋಗುತ್ತದೆ. 2014ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸಾವಿರದನೆಯ ತಾಣವಾಗಿ ಸೇರಿಸಿತು.

ನಮ್ಮ ಅಳಿಯನು ಆ ದೇಶದ ರಾಜಧಾನಿಯಾದ ಗಾಬೊರೋನಿನಲ್ಲಿ ಉಪಾಧ್ಯಾಯನು. ಅವನು ನಮ್ಮಿಬ್ಬರನ್ನೂ ಕರೆದಾಗ, ದೋಣಿಯಲ್ಲಿ ಕುಳಿತು ಆನೆಗಳನ್ನು ನೋಡಬೇಕೆಂದು ನಮ್ಮ ಮನೆಯವರ ಆಸೆ; ಮೋಟಾರಿನಲ್ಲಿ ಕಾಡನ್ನು ಸುತ್ತಬೇಕೆಂದು ನಮ್ಮ ಆಸೆ. ಪಿಂಚಣಿಯ ಹಣದಲ್ಲಿ ಇನ್ನೊಮ್ಮೆ ಹೋಗುವ ಮಾತಿಲ್ಲ. ಆದುದರಿಂದ ಜಲವಿಹಾರ, ಸ್ಥಲವಿಹಾರಗಳೆರಡೂ ಇರುವ ಬಿಡಾರವೇ ಬೇಕಾಗಿತ್ತು.

ಅಳಿಯನು ಹಿಂದೊಮ್ಮೆ ಎರಡೂ ಉಂಟೆಂಬ ಅಚ್ಚಿನ ಮಾತನ್ನು ನಂಬಿ ಅಕ್ಟೋಬರಿನಲ್ಲಿ ಒಂದು ಬಿಡಾರಕ್ಕೆ ಹೋಗಿದ್ದನು. ಎದುರಿನ ಕಾಲುವೆ ಬತ್ತಿತ್ತು. ದೋಣಿಗಳು ದಡದಲ್ಲಿ ಬೋರಲಾಗಿದ್ದವು. ಮಕ್ಕಳು ಅತ್ತುವಂತೆ.

ಕಾರಣವಿಷ್ಟೆ. ಅಂಗೋಲದಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಬೀಳುವ ಮಳೆಯ ನೀರು ಜೊಂಡಿನ ನಡುವೆ ಮೆಲ್ಲಮೆಲ್ಲನೆ ಸಾಗಿ ಕೆಳಗಣ ಬಯಲನ್ನು ಮುಟ್ಟುವಾಗ ಜೂನ್, ಜುಲೈ ಆಗಿರುತ್ತದೆ. ಅಲ್ಲಿ ಅದು ಮಳೆಯಿಲ್ಲದ ಚಳಿಗಾಲ. ಆಕಾಶ ಒಣಗಿರುವಾಗ ನೆಲ ತುಂಬುವುದೇ ಆ ಸೀಮೆಯ ವಿಚಿತ್ರ. ಎರಡು ಕಡೆ ನೀರುಳ್ಳದ್ದು ದ್ವೀಪವೆಂದು ಸಂಸ್ಕೃತದ ವ್ಯುತ್ಪತ್ತಿ. ಇಲ್ಲಿಯೋ, ಜುಲೈಯಲ್ಲಿ ದ್ವೀಪವಾದುದು ಡಿಸೆಂಬರಿನಲ್ಲಿ ಬರಿಯ ಬಯಲಾಗಿರಬಹುದು.

ಆದುದರಿಂದ ವಾಚಕರು “ಎರಡೂ ಉಂಟೆ?” ಎಂದು ಕೇಳಿದರೆ ಸಾಲದು, “ನಾವು ಬರುವ ತಿಂಗಳಲ್ಲಿ ಎರಡೂ ಉಂಟೆ?” ಎಂದು ಕೇಳಬೇಕು. ನಟ್ಟನಡುವಣ ದ್ವೀಪದ ಬಿಡಾರದಲ್ಲಿ ವರ್ಷವೆಲ್ಲ ದೋಣಿಯಿದ್ದರೂ ಮೋಟಾರು ಓಡಲು ನೆಲವಿರದು. ಅಂಚಿನ ಬಿಡಾರದಲ್ಲಿ ಮೋಟಾರು ಸದಾ ಇದ್ದರೂ ದೋಣಿಯು ಪ್ರವಾಹವಿರುವಷ್ಟು ದಿನ ಮಾತ್ರ. ಬತ್ತದ ಕಾಲುವೆಯೊಂದು ವಿಶಾಲವಾದ ಒಣನೆಲವನ್ನು ತಗಲಿಕೊಂಡು ಹರಿಯುವೆಡೆಯೇ ಉತ್ತಮ. ದೋಣಿ ಯಾವುದೆಂಬುದನ್ನೂ ವಿಚಾರಿಸಬೇಕು. ಮೊಕೊರೊ ಎಂಬುದು ಕಿರಿದಾದ ದೋಣಿ. ಅಂಬಿಗನು ಹಿಂದೆ ನಿಂತು ಉದ್ದನೆಯ ಗಳುವಿನಿಂದ ತಳ್ಳುತ್ತಾನೆ. ಹಿಂದೆ ಹೆಮ್ಮರಗಳನ್ನು ತೋಡಿ ಮಾಡುತ್ತಿದ್ದರು. ಈಗ ಮರಗಳನ್ನುಳಿಸಲು ಬಹುಮಟ್ಟಿಗೆ ಫೈಬರ್‌ಗ್ಲಾಸಿನವು. ನೀರಾನೆಗಳ ಭಯದಿಂದ ಅದು ಆಳವಿಲ್ಲದ ನೀರನ್ನೇ ಹಿಡಿದು ಹೋಗುತ್ತದೆ. ಆಳವಾದ ಕಾಲುವೆಗೆ ಯಂತ್ರದ ದೋಣಿಯೇ ಬೇಕು.

ನಾವು ಹೀಗೆ ವಿಚಾರಿಸಿ ಜುಲೈಯಲ್ಲಿ ಹೋದೆವು. ಬೆಳಗ್ಗೆ ಮೋಟಾರಿನಲ್ಲಿ ಸಿಂಹಗಳನ್ನು ಕಂಡೆವು. ಸಂಜೆ ಮೊಕೊರೊ ಸಿದ್ಧವಾಯಿತು. ಅದರಲ್ಲಿ ಕಾಲು ನೀಡಿ ನೀರಿನ ಮಟ್ಟಕ್ಕೇ ಕುಳಿತುಕೊಳ್ಳಬೇಕು. ನಮ್ಮ ಮನೆಯವರಿಗೋ ಮಂಡಿನೋವು. ಇದೊಂದನ್ನು ನಾವು ಮೊದಲೇ ಯೋಚಿಸಿರಲಿಲ್ಲ. ಇಷ್ಟು ದೂರ ಬಂದು ದಡದಲ್ಲಿಯೇ ಉಳಿಯುವುದೇ ಎಂದು ಅವರ ಮುಖ ಬಾಡಿತು. ಅಂಬಿಗನು ದೋಣಿಯನ್ನು ಒಂದು ಹುತ್ತದ ಇಳಿಜಾರಿಗೆ ತಂದು ಒರಗಿಸಿ, ತೋಳು ಕೊಟ್ಟು ಕೂರಿಸಿದನು. ಅಲ್ಲಿನ ಅನೇಕ ದ್ವೀಪಗಳು ಇಂತಹ ಗೆದ್ದಲ ಹುತ್ತಗಳಿಂದಲೇ ಬೆಳೆದುವೆಂದು ಹೇಳಿದನು.

ನೈದಿಲೆಗಳ ನಡುವೆ ಸದ್ದಿಲ್ಲದೆ ಸಾಗಿದೆವು. ಒಂದು ಆನೆ ಮರಿಯೊಡನೆ ನೀರು ದಾಟಿತು. ಮನೆಯವರು ಮಾತಾಡಲಿಲ್ಲ. ಹಿಂದಿರುಗಿದ ಮೇಲೆ, “ಇನ್ನು ಮಂಡಿ ನೋಯಲಿ ಬಿಡಿ” ಎಂದರು.