ಪದಗಳ ಒಡನಾಟ

ವಿಜಯನಗರದ ಒಂದು ಸಣ್ಣ ದವಾಖಾನೆ, ಸಂಜೆಯ ಹೊತ್ತು. ತುಮಕೂರಿನ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ವೃದ್ಧೆಯೊಬ್ಬರು ಮೊಮ್ಮಗಳ ಹೆಗಲನ್ನು ಆಸರೆಯಾಗಿ ಹಿಡಿದು ಒಳಗೆ ಬಂದರು. ಮೊಮ್ಮಗಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ವೈದ್ಯೆ ಉತ್ತರ ಭಾರತದಿಂದ ಹೊಸದಾಗಿ ಬಂದವರು. ಕನ್ನಡ ಅವರಿಗಿನ್ನೂ ರೂಢಿಯಾಗಿರಲಿಲ್ಲ. ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸುವ ಹೊಣೆ ಹುಡುಗಿಯ ಮೇಲೆ ಬಿದ್ದಿತು.

“ತಲೆ ಸುತ್ತಿ ಕಣ್ಣು ಕತ್ತಲೆ ಬಂದಂಗಾಯ್ತು ಕಣ್ ಮಗಾ, ಹಂಗೇ ಕುಸಿದು ಕೂತ್ಬಿಟ್ಟೆ. ಬೆಳಗ್ಗೆ ಮಾತ್ರೆ ನುಂಗಿದ್ದು ಮರ್ತು ಇನ್ನೊಂದು ನುಂಗಿದ್ದೆ, ಅದ್ನೂ ಹೇಳು” ಎಂದರು ಅಜ್ಜಿ.

ಹುಡುಗಿ ಒಂದು ಕ್ಷಣ ಯೋಚಿಸಿ, “ಹೆಡ್ ಈಸ್ ರೊಟೇಟಿಂಗ್. ಡಾರ್ಕ್‌ನೆಸ್ ಈಸ್ ಕಮಿಂಗ್ ಟು ಐಸ್” ಎಂದಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದವರೊಬ್ಬರು ಕಿಸಕ್ಕನೆ ನಕ್ಕರು. ಹುಡುಗಿಯ ಮುಖ ಬಾಡಿತು. ಮಾತ್ರೆಯ ವಿಷಯ ಅವಳ ಗಂಟಲಲ್ಲೇ ಉಳಿಯಿತು. ಕನ್ನಡ ಬಲ್ಲ ದಾದಿಯೊಬ್ಬರು ಆ ವೇಳೆಗೆ ಬಂದು ಅಜ್ಜಿಯನ್ನೇ ವಿಚಾರಿಸದಿದ್ದರೆ, ಹೇಳಲೇಬೇಕಾಗಿದ್ದ ಆ ಮಾತು ಹೇಳದೆಯೇ ಉಳಿದುಬಿಡುತ್ತಿತ್ತು. ವಿಷಯ ತಿಳಿದ ವೈದ್ಯೆ ಮಾತ್ರೆಯ ಕ್ರಮವನ್ನು ಸರಿಪಡಿಸಿದರು. ಹುಡುಗಿಯ ಕಡೆಗೆ ತಿರುಗಿ, “ಫೀಲಿಂಗ್ ಡಿಜ್ಜಿ” ಎಂದು ಮೆಲ್ಲನೆ ತಿಳಿಸಿದರು.

ಆ ಹುಡುಗಿ ಮಾಡಿದ ತಪ್ಪಾದರೂ ಯಾವುದು? ಅವಳು ಬಳಸಿದ ಪದಗಳೆಲ್ಲ ಇಂಗ್ಲಿಷ್ ಪದಗಳೇ. ಭೂಮಿ ‘ರೊಟೇಟ್’ ಆಗುತ್ತದೆಂದು ಅವಳು ವಿಜ್ಞಾನದ ಪಾಠದಲ್ಲಿ ಓದಿದ್ದಳು. ರಾಜಾಜಿನಗರದ ಕಾರ್ಖಾನೆಗಳಲ್ಲಿ ಲೇತ್ ಯಂತ್ರಕ್ಕೆ ಸಿಕ್ಕಿಸಿದ ಕಬ್ಬಿಣದ ತುಂಡೂ ‘ರೊಟೇಟ್’ ಆಗುತ್ತದೆ. ಆದರೆ ಇಂಗ್ಲಿಷರ ತಲೆ ‘ಸ್ಪಿನ್’ ಆಗಬಹುದೇ ಹೊರತು ‘ರೊಟೇಟ್’ ಆಗಲಾರದು. ಅರ್ಥ ಹೆಚ್ಚುಕಡಿಮೆ ಒಂದೇ ಆದರೂ ಒಂದು ಪದಕ್ಕೆ ಆ ಮನೆಯಲ್ಲಿ ಪ್ರವೇಶವುಂಟು, ಇನ್ನೊಂದಕ್ಕೆ ಇಲ್ಲ. ಹುಡುಗಿ ಪದಗಳನ್ನು ಬಲ್ಲವಳಾಗಿದ್ದಳು. ಪದಗಳ ಒಡನಾಡಿಗಳನ್ನು ಅರಿಯಳಾಗಿದ್ದಳು.

ನಿತ್ಯದ ಇಂಗ್ಲಿಷಿನಲ್ಲಿ ಇಂತಹ ಒಡನಾಟಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಗಾಢವಾಗಿ ನಿದ್ರಿಸುವವನು ‘ಫಾಸ್ಟ್ ಅಸ್ಲೀಪ್’. ಇಲ್ಲಿನ ‘ಫಾಸ್ಟ್’ ಪದಕ್ಕೆ ವೇಗವೆಂಬ ಅರ್ಥವಿಲ್ಲ. ಭದ್ರವಾಗಿ, ಅಲುಗದಂತೆ ಎಂಬ ಹಳೆಯ ಅರ್ಥ ಅದರಲ್ಲಿ ಉಳಿದುಕೊಂಡಿದೆ. ಪೂರ್ಣ ಎಚ್ಚರದಲ್ಲಿರುವವನು ‘ವೈಡ್ ಅವೇಕ್’. ಆದರೆ ‘ಫಾಸ್ಟ್ ಅವೇಕ್’ ಎಂಬ ಮಾತಿಲ್ಲ. ಕಾಯಿಲೆ ಬಲವಾದಾಗ ‘ಸೀರಿಯಸ್ಲಿ ಇಲ್’. ಪೆಟ್ಟು ಬಲವಾದಾಗ ‘ಬ್ಯಾಡ್ಲಿ ಹರ್ಟ್’. ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’. ಕನಸು ನನಸಾದರೆ ‘ಕಮ್ ಟ್ರೂ’; ಹಾಲು ಕೆಟ್ಟರೆ ‘ಗೋ ಬ್ಯಾಡ್’. ಒಳಿತು ಬರುತ್ತದೆ, ಕೆಡುಕು ಹೋಗುತ್ತದೆ! ಕ್ರಿಯಾಪದವು ಗುಣವಾಚಕದೊಡನೆ, ಗುಣವಾಚಕವು ಕ್ರಿಯಾವಿಶೇಷಣದೊಡನೆ ಕೈಹಿಡಿದು ನಡೆಯುವ ಈ ರೀತಿಯನ್ನು ವ್ಯಾಕರಣದ ಸೂತ್ರಗಳು ಪೂರ್ತಿಯಾಗಿ ವಿವರಿಸಲಾರವು. ಬಹುಕಾಲದ ಬಳಕೆಯೇ ಇಲ್ಲಿ ಸೂತ್ರ.

ಈ ಒಡನಾಟವನ್ನು ಇಂಗ್ಲಿಷಿನ ವಿದ್ವಾಂಸರು ‘ಕಾಲೊಕೇಶನ್’ ಎಂದು ಕರೆದಿದ್ದಾರೆ. ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲು ಶ್ರಮಿಸಿದ ಹೆರಾಲ್ಡ್ ಪಾಮರ್ 1933ರಲ್ಲಿ ಇಂತಹ ಪದಬಂಧಗಳ ಕುರಿತು ಟೋಕಿಯೊದಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಪರಭಾಷೆಯ ಮಕ್ಕಳು ಮುಗ್ಗರಿಸುವ ಸ್ಥಳ ಇದೇ ಎಂಬುದನ್ನು ಅವರು ಕಂಡುಕೊಂಡಿದ್ದರು. 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಫರ್ತ್ ಮುಂದೆ ಲಂಡನ್ನಿನಲ್ಲಿ ಹೆಸರಾಂತ ಭಾಷಾವಿಜ್ಞಾನಿಯಾದರು. ಪದವನ್ನು ಅದರ ಸಹವಾಸದಿಂದಲೇ ಗುರುತಿಸಬೇಕೆಂಬುದು ಅವರ ವಿಚಾರದ ಸಾರ. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಹೊಸ ಮಾತೆನಿಸದು.

ಹಾಗೆ ನೋಡಿದರೆ ಕನ್ನಡದ ಪದಗಳಾದರೂ ಸಿಕ್ಕಸಿಕ್ಕವರ ಜೊತೆ ಕೂಡುವಂಥವಲ್ಲ. ಮನೆಯ ಅಡುಗೆಯ ಕೋಣೆಯನ್ನೇ ನೋಡಬಹುದು. ಹಾಲು ಒಡೆಯುತ್ತದೆ, ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಇಂಗ್ಲಿಷ್ ಭಾಷೆ ‘ಗೋ ಬ್ಯಾಡ್’ ಎಂಬ ಒಂದೇ ಮಾತಿನಿಂದ ಸಾಗಿಸಬಲ್ಲ ಕಡೆ ಕನ್ನಡದ ಗೃಹಿಣಿ ನಾಲ್ಕು ಮಾತುಗಳನ್ನು ನಾಲ್ಕು ಕಡೆ ತಪ್ಪದೆ ಬಳಸುತ್ತಾಳೆ. ‘ಅನ್ನ ಒಡೆಯಿತು’ ಎಂದು ಅವಳ ಮೂರು ವರ್ಷದ ಮಗುವೂ ಹೇಳಲಾರದು. ಬೆಳಗು ಬೆಳ್ಳಂಬೆಳಗಾಗುತ್ತದೆ, ಮಧ್ಯಾಹ್ನ ಮಟಮಟ ಮಧ್ಯಾಹ್ನವಾಗುತ್ತದೆ, ಕತ್ತಲೆ ಕಗ್ಗತ್ತಲೆಯಾಗುತ್ತದೆ. ಜನ ಬಿಕ್ಕಿಬಿಕ್ಕಿ ಅಳುತ್ತಾರೆ, ಗಹಗಹಿಸಿ ನಗುತ್ತಾರೆ, ಗಟಗಟನೆ ಕುಡಿಯುತ್ತಾರೆ. ಗಟಗಟನೆ ಅತ್ತವರನ್ನು ಕಂಡವರಿಲ್ಲ.

ಈ ವಿವೇಕ ಕನ್ನಡಕ್ಕೆ ಹೊಸದಲ್ಲ. ಸುಮಾರು 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ ಮತ್ತು ಸಂಸ್ಕೃತ ಪದಗಳನ್ನು ವಿವೇಚನೆಯಿಲ್ಲದೆ ಸಮಾಸ ಮಾಡುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸುವುದಕ್ಕೆ ಹೋಲಿಸಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸವನ್ನು ಚರ್ಚಿಸಿದ್ದಾನೆ. ಅವರ ವಿಷಯ ಬೇರೆಯಾದರೂ ಕಾಳಜಿ ಇದೇ: ಯಾವ ಪದ ಯಾವುದರೊಡನೆ ಒಗ್ಗುತ್ತದೆ, ಯಾವುದರೊಡನೆ ಒಗ್ಗುವುದಿಲ್ಲ ಎಂಬುದು.

ಆದುದರಿಂದ ದವಾಖಾನೆಯ ಹುಡುಗಿ ದಡ್ಡಿಯಲ್ಲ. ಅವಳು ಕನ್ನಡದ ಒಡನಾಟಗಳನ್ನು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ಹೊತ್ತುಕೊಂಡು ಹೋದಳು, ಅಷ್ಟೆ. ತಾಯ್ನುಡಿಯನ್ನು ಚೆನ್ನಾಗಿ ಬಲ್ಲವರೇ ಮೊದಮೊದಲು ಹೀಗೆ ಎಡವುತ್ತಾರೆ. ಎಡವಿದ ಮೇಲೆ ಬೇಗ ಏಳುವವರೂ ಅವರೇ. ಕನ್ನಡದ ಹಿರಿಯ ಕವಿ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಅವರಿಗೆ 1990ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕನ್ನಡ ಸಾಹಿತ್ಯಸೇವೆಗಾಗಿ. ಒಂದು ಭಾಷೆಯ ಪ್ರೀತಿ ಇನ್ನೊಂದರ ಕಲಿಕೆಗೆ ಅಡ್ಡಿಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಿಜಯನಗರದಿಂದ ಕೆಂಗೇರಿಯತ್ತ ಸಾಗುವ ದಾರಿಯಲ್ಲಿ ಜ್ಞಾನಭಾರತಿಯ ವಿಶಾಲ ಆವರಣವಿದೆ. 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇಂದು ಇರುವುದು ಅಲ್ಲಿಯೇ. ದಕ್ಷಿಣದ ರಾಜ್ಯಗಳ ಶಾಲಾ ಉಪಾಧ್ಯಾಯರು ಅಲ್ಲಿಗೆ ಬಂದು ಇಂಗ್ಲಿಷ್ ಬೋಧನೆಯಲ್ಲಿ ತರಬೇತಿ ಪಡೆಯುತ್ತಾರೆ. ಕಲಿಸುವವರೂ ಮತ್ತೆ ವಿದ್ಯಾರ್ಥಿಗಳಾಗಿ ಕುಳಿತು ಕಲಿಯಬೇಕಾದ ವಿದ್ಯೆಯಲ್ಲಿ ಒಂಬತ್ತನೆಯ ತರಗತಿಯ ಬಾಲಕಿ ಎಡವಿದರೆ ನಗುವುದೇಕೆ? ಆ ನಗೆ ಕ್ಷಣಮಾತ್ರದ್ದು. ಆದರೆ ಅದರಿಂದ ಮುಚ್ಚಿದ ಬಾಯಿ ವರ್ಷಗಟ್ಟಲೆ ತೆರೆಯದೆ ಹೋಗಬಹುದು.

ಅದೃಷ್ಟವಶಾತ್ ಈ ಹುಡುಗಿಯ ಬಾಯಿ ಮುಚ್ಚಲಿಲ್ಲ. ಮನೆಗೆ ಬಂದವಳೇ ಒಂದು ಪುಸ್ತಕದ ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿದಳು. ಒಂದು ಕಡೆ ‘ತಲೆ ಸುತ್ತು’, ಇನ್ನೊಂದು ಕಡೆ ‘ಫೀಲ್ ಡಿಜ್ಜಿ’ ಎಂದು ಬರೆದಳು. ಅಂದಿನಿಂದ ಒಂಟಿ ಪದವನ್ನು ಅವಳು ಬರೆದುಕೊಳ್ಳಲಿಲ್ಲ, ಬರೆದುದೆಲ್ಲ ಜೋಡಿಗಳನ್ನೇ.

ತಿಂಗಳು ಕಳೆದು ಅಜ್ಜಿಯನ್ನು ಮತ್ತೆ ಕರೆತಂದಾಗ, “ಶಿ ಈಸ್ ಫೀಲಿಂಗ್ ಮಚ್ ಬೆಟರ್” ಎಂದಳು.

“ಏನಂದೆ ಮಗಾ?” ಎಂದರು ಅಜ್ಜಿ.

“ಎಷ್ಟೋ ವಾಸಿ ಅಂದೆ, ಅಜ್ಜೀ.”

ವೈದ್ಯೆಯೂ ಅಷ್ಟರಲ್ಲಿ ಕನ್ನಡ ಕಲಿಯತೊಡಗಿದ್ದರು. ತಮ್ಮ ಹೊಸ ವಿದ್ಯೆಯನ್ನು ಪ್ರಯೋಗಿಸಲು, “ಅಜ್ಜೀ, ಈಗ ತಲೆ ಓಡುತ್ತದೆಯಾ?” ಎಂದು ಕೇಳಿದರು.

ಅಜ್ಜಿ ಗಂಭೀರವಾಗಿ ಉತ್ತರಿಸಿದರು: “ತಲೆ ಯಾವಾಗ್ಲೂ ಚೆನ್ನಾಗೇ ಓಡ್ತೈತೆ ತಾಯಿ. ಸುತ್ತೋದು ಮಾತ್ರ ನಿಂತೈತೆ.”

ಮೊಮ್ಮಗಳು ಅದರ ಅರ್ಥವನ್ನು ವೈದ್ಯೆಗೆ ಬಿಡಿಸಿ ಹೇಳಿದಳು. ಮೂವರೂ ನಕ್ಕರು. ಆ ನಗೆ ಯಾರ ಬಾಯನ್ನೂ ಮುಚ್ಚಿಸಲಿಲ್ಲ.